ಕೈಗವಸಿನಲ್ಲಿ ಎರಡು ಬಿಲ್ಲೆ

ಅಲ್ಮಾ ಲೊಕೇಶನ್
ಭಾನುವಾರ, ಮೇ ೨೩, ೧೯೮೨

ಪ್ರೀತಿಯ ಮಿರ್ಕೊ,

ನಿನ್ನ ಮೂರು ಕಾಗದಗಳೂ ಬಂದು ಅಡುಗೆಮನೆಯ ಕಿಟಕಿಯಲ್ಲಿ ಕೂತಿವೆ. ಮೂರಕ್ಕೂ ನಾನು ಉತ್ತರ ಬರೆದಿಲ್ಲ. ನಿನಗೆ ಸಿಟ್ಟು ಬಂದಿದ್ದರೆ ಅದು ನ್ಯಾಯವೇ. ಆದರೂ ಮೂರನೆಯದರಲ್ಲಿ "ಬದುಕಿದ್ದೀಯೋ ಇಲ್ಲವೋ ಅಷ್ಟಾದರೂ ತಿಳಿಸು" ಎಂದು ಬರೆದದ್ದು ಸ್ವಲ್ಪ ಜಾಸ್ತಿಯಾಯಿತು. ಬದುಕಿದ್ದೇನೆ. ಉಂಡು ತಿಂದು, ಬೈದು ಬೈಸಿಕೊಂಡು, ಚೆನ್ನಾಗಿಯೇ ಬದುಕಿದ್ದೇನೆ. ಮೊನ್ನೆ ನಿನ್ನ ಹಡಗಿನ ರೇಡಿಯೊ ಫೋನಿನಲ್ಲಿ ಮಾತಾಡಿದೆವಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯಬೇಡ. ಸರೋವರದ ಮೇಲಿರುವ ಹಡಗುಗಳೆಲ್ಲ ಕಿವಿ ನೆಟ್ಟಗೆ ಮಾಡಿಕೊಂಡು ಕೇಳುವ ಆ ಫೋನಿನಲ್ಲಿ ಹವಾಮಾನ ಬಿಟ್ಟು ಇನ್ನೇನು ಮಾತಾಡಲಿ? "ಇಲ್ಲಿ ಬಿಸಿಲು" ಎಂದೆ, "ಇಲ್ಲಿ ಮಂಜು" ಎಂದೆ ನೀನು, ಅಷ್ಟಕ್ಕೇ ದುಡ್ಡು ಕೊಟ್ಟೆವು.

ಡೆಟ್ರಾಯಿಟ್‌ನಲ್ಲಿ ಅಂಚೆ ದೋಣಿ ಹಡಗಿನ ಪಕ್ಕಕ್ಕೆ ಬಂದು ಬಕೆಟ್ಟಿಗೆ ಕಾಗದ ಹಾಕಿದಾಗ ಹಗ್ಗ ನಿಧಾನವಾಗಿ ಎಳೆದಿದ್ದೀಯ ತಾನೇ? ಹೋದ ವರ್ಷ ನನ್ನ ಕಾಗದ ನೆನೆದು ಮುದ್ದೆಯಾಗಿ ಬಂತೆಂದು ಗೊಣಗಿದವನು ನೀನೇ. ಈ ಸಲದ್ದು ನೆನೆಯಬಾರದು, ಇದನ್ನು ಎರಡನೇ ಸಲ ಬರೆಯುವ ಶಕ್ತಿ ನನಗಿಲ್ಲ.

ಮೊದಲು ಮನೆಯ ಸುದ್ದಿ ಹೇಳಿಬಿಡುತ್ತೇನೆ. ಕೆರೆಯ ಮೇಲಿನ ಮಂಜುಗಡ್ಡೆ ಮೇ ತಿಂಗಳ ಮೊದಲ ವಾರ ಬಿಟ್ಟಿತು. ಹಬೆಸ್ನಾನದ ಸೌನಾದ ಒಲೆಯ ಕೊಳವೆ ಮತ್ತೆ ಹೊಗೆ ಉಗುಳುತ್ತಿದೆ, ನೀನು ಸುತ್ತಿದ ತಗಡು ನಿನ್ನ ಮಾತಿನಷ್ಟೇ ಗಟ್ಟಿ. ಕಾರಿನ ಸೈಲೆನ್ಸರ್ ಬಿದ್ದುಹೋಗಿ, ನಾನು ಶಾಲೆಗೆ ಬರುವುದು ಊರಿಗೆಲ್ಲ ಮುಂಚೆಯೇ ಗೊತ್ತಾಗುತ್ತಿತ್ತು. ಈಸ್ಟರ್ ಹಬ್ಬ ಆದ ವಾರ ನನಗೆ ಜ್ವರ ಬಂದಿತ್ತು. ನಿನ್ನಮ್ಮ ಬಂದು ವಾರವೆಲ್ಲ ನಮ್ಮಲ್ಲೇ ಇದ್ದರು. ಹಬ್ಬಕ್ಕೆ ಮಾಡಿದ ಆಕ್ರೋಟಿನ ಸಿಹಿ ರೊಟ್ಟಿ ಪೊಟೀತ್ಸಾದಲ್ಲಿ ಒಂದು ಸುರುಳಿ ನಿನಗೆಂದು ಎತ್ತಿಟ್ಟು, ಆಮೇಲೆ ಅದನ್ನು ತಾವೇ ತಿಂದು ಮುಗಿಸಿದರು. "ಹಡಗಿನಲ್ಲಿ ಅವನಿಗೇನು ಕಮ್ಮಿ, ಮೂರು ಹೊತ್ತು ಮಾಂಸ ಹಾಕ್ತಾರೆ" ಎಂದರು. ಆ ವಾರ ನನ್ನನ್ನು ಹಾಸಿಗೆಯಿಂದ ಏಳಗೊಡಲಿಲ್ಲ, ಸೌನಾಕ್ಕೆ ಬೆಂಕಿ ಹಾಕಗೊಡಲಿಲ್ಲ, ನೀರಿನ ಬಕೆಟ್ ಮುಟ್ಟಿದರೆ ಕೈ ಮೇಲೆ ಹೊಡೆಯುತ್ತಿದ್ದರು. ಅತ್ತೆಯ ಬಗ್ಗೆ ನಾನು ಹಿಂದೆ ಆಡಿದ ಮಾತುಗಳಲ್ಲಿ ಅರ್ಧದಷ್ಟನ್ನು ವಾಪಸ್ ತೆಗೆದುಕೊಂಡಿದ್ದೇನೆ. ಉಳಿದರ್ಧ ಹಾಗೇ ಇರಲಿ.

ಇನ್ನು ಶಾಲೆಯ ಸುದ್ದಿ. ನೇರವಾಗಿ ಹೇಳುತ್ತೇನೆ, ನನ್ನ ಕೆಲಸ ಹೋಯಿತು. ಮೊನ್ನೆ ಗುರುವಾರ ಸಂಜೆ ಹೋಯಿತು. ಹೇಗೆ ಹೋಯಿತು ಎಂದು ಪೂರ್ತಿ ಓದಿ ಆಮೇಲೆ ಸಿಟ್ಟು ಮಾಡಿಕೋ, ಅರ್ಧಕ್ಕೇ ಎದ್ದು ಹೋಗಿ ಎಂಜಿನ್ ಕೋಣೆಯಲ್ಲಿ ಏನನ್ನಾದರೂ ಒದೆಯಬೇಡ.

ಚಳಿಗಾಲದಲ್ಲಿ ನಮ್ಮೂರ ಗಣಿಯವರು ಎರಡನೇ ಪಾಳಿ ನಿಲ್ಲಿಸಿದ್ದು ನಿನಗೆ ಗೊತ್ತು. ಆಮೇಲೆ ಮೊದಲ ಪಾಳಿಯನ್ನೂ ಅರ್ಧ ಮಾಡಿದರು. ನನ್ನ ಒಂದನೇ ತರಗತಿಯಲ್ಲಿ ಪ್ರತಿ ಸೋಮವಾರ ಒಂದು ಮೇಜು ಖಾಲಿಯಾಗುತ್ತಿತ್ತು. ಮಕ್ಕಳು ಮೊದಮೊದಲು "ಟೀಚರ್, ಅವನಿಗೆ ಹುಷಾರಿಲ್ವಾ?" ಎಂದು ಕೇಳುತ್ತಿದ್ದವು. ಆಮೇಲೆ, ಕೆಲಸ ಹುಡುಕಿಕೊಂಡು ಜನ ಊರು ಬಿಡುವುದು ರೂಢಿಯಾಗಿ, "ಅವರೂ ಟೆಕ್ಸಸ್ಸಿಗಾ?" ಎಂದು ಕೇಳತೊಡಗಿದವು. ಶಾಲಾ ಮಂಡಳಿಯವರು ಮುಂದಿನ ವರ್ಷಕ್ಕೆ ಒಂದನೇ ಎರಡನೇ ತರಗತಿ ಸೇರಿಸಿ ಒಂದೇ ಮಾಡುತ್ತೇವೆಂದರು. ಅಂದರೆ ನಾನು ಮತ್ತು ಪಕ್ಕದ ಕೋಣೆಯ ಲೋರೆಟ್ಟಾ ಫಾಬ್ರಿ, ನಮ್ಮಿಬ್ಬರಲ್ಲಿ ಒಬ್ಬರು ಸಾಕು.

ನಮ್ಮ ಟೀಚರುಗಳ ಸಂಘ ಮಂಡಳಿಯ ಜೊತೆ ಮಾಡಿಕೊಂಡ ಒಪ್ಪಂದದ ನಿಯಮವೂ ನಿನ್ನ ಹಡಗಿನ ಸಂಘದ್ದರ ಹಾಗೇ. ಕಡೆಗೆ ಹತ್ತಿದವರು ಮೊದಲು ಇಳಿಯಬೇಕು. ಕಾಯಂ ಆದವರನ್ನು ಮುಟ್ಟುವ ಮುಂಚೆ ಪ್ರೊಬೇಷನ್ನಿನಲ್ಲಿರುವವರನ್ನು ತೆಗೆಯಬೇಕು, ಅವರಲ್ಲೂ ಮಂಡಳಿ ನೇಮಿಸಿದ ತಾರೀಖು ನೋಡಬೇಕು. ಶಾಲೆಯಲ್ಲಿ ಪ್ರೊಬೇಷನ್ನಿನವರು ಉಳಿದಿದ್ದುದೇ ನಾವಿಬ್ಬರು. ಮೂರು ವರ್ಷದ ಕೆಳಗೆ ಒಂದೇ ಸಭೆಯಲ್ಲಿ, ಒಂದೇ ಉಸಿರಿನಲ್ಲಿ ನಮ್ಮಿಬ್ಬರ ಹೆಸರೂ ಓದಿದ್ದರು. ಈ ಜೂನ್ ಕಳೆದಿದ್ದರೆ ಇಬ್ಬರೂ ಕಾಯಂ. ದಡ ಕಾಣಿಸುವಷ್ಟು ಹತ್ತಿರ ಬಂದಿದ್ದೆವು.

ವ್ಯತ್ಯಾಸ ಒಂದಿದೆ. ನಿನ್ನನ್ನು ಹಡಗಿನಿಂದ ಇಳಿಸಿದರೆ ಮತ್ತೆ ಕರೆಯುವಾಗ ಸಂಘ ನಿನ್ನ ಸರದಿ ಕಾಯ್ದಿಟ್ಟಿರುತ್ತದೆ. ಕಾಯಂ ಮೇಷ್ಟರಿಗೂ ವಾಪಸ್ ಕರೆಸಿಕೊಳ್ಳುವ ಹಕ್ಕಿದೆ. ಪ್ರೊಬೇಷನ್ನಿನವರಿಗೆ ಅದಿಲ್ಲ, ಹೋದರೆ ಹೋದಂತೆ. ಅದು ಸಾಲದೆಂದು, ಪ್ರೊಬೇಷನ್ನಿನವರನ್ನು ಮುಂದುವರಿಸದಿರಲು ಮಂಡಳಿ ಯಾವ ಕಾರಣವನ್ನೂ ಕೊಡಬೇಕಾಗಿಲ್ಲ. ತಾರೀಖು ಒಂದೇ ಆದರೆ ಚೀಟಿ ಎತ್ತಬೇಕು ಎಂದು ಒಪ್ಪಂದದಲ್ಲಿದೆ ನಿಜ. ಆದರೆ "ಕಡಿತ ಅಲ್ಲ, ಸುಮ್ಮನೆ ಮುಂದುವರಿಸ್ತಾ ಇಲ್ಲ" ಎಂದು ಹೇಳಿಬಿಟ್ಟರೆ ಚೀಟಿಯ ಗೊಡವೆಯೇ ಇಲ್ಲ. ಈ ಬೇಲಿಯಲ್ಲಿ ಇಷ್ಟು ದೊಡ್ಡ ಕಂಡಿ ಇದೆಯೆಂದು ನನಗೆ ಏಪ್ರಿಲ್ ತನಕ ಗೊತ್ತಿರಲಿಲ್ಲ.

ಗೊತ್ತು ಮಾಡಿಸಿದವರು ನಮ್ಮ ಹೆಡ್ಮಾಸ್ಟರ್ ಓಸ್ಬಿ.

ಜ್ವರ ಬಿಟ್ಟು ನಾನು ಕೆಲಸಕ್ಕೆ ಹೋದ ಮೊದಲ ವಾರ. ಮಕ್ಕಳೆಲ್ಲ ಬಸ್ಸು ಹತ್ತಿದ ಮೇಲೆ ತಮ್ಮ ಕೋಣೆಗೆ ಕರೆದು, ಬಾಗಿಲು ಹಾಕಿ, ತಾವೇ ಕಾಫಿ ಸುರಿದು ಕೊಟ್ಟರು. ಓಸ್ಬಿ ಕೈಯಾರೆ ಕಾಫಿ ಕೊಟ್ಟರೆ ಏನೋ ಕಾದಿದೆ ಎಂದೇ ಅರ್ಥ.

"ಮಿಸೆಸ್ ಜುಪಾನ್, ಈಗ ಹೇಗಿದೀರಿ? ಬಣ್ಣ ಇಳಿದುಹೋಗಿದೆ."

"ಚೆನ್ನಾಗಿದೀನಿ. ಜ್ವರ ಅಷ್ಟೆ."

"ಈ ಚೀಟಿ ಎತ್ತೋ ಆಟ ನನಗೆ ಒಂಚೂರೂ ಇಷ್ಟ ಇಲ್ಲ. ಇದೇನು ಕೋಳಿ ಪಂದ್ಯವೇ? ಮಕ್ಕಳ ಓದಿನ ಪ್ರಶ್ನೆ ಇದು. ಮಂಡಳಿಗೆ ನಿಮ್ಮ ಹೆಸರು ಹೇಳಿದೀನಿ. ಲೋರೆಟ್ಟಾನ ಮುಂದುವರಿಸಲ್ಲ. ಕಾರಣ ಕೊಡೋ ಅಗತ್ಯ ಇಲ್ಲ, ಹಾಗಾಗಿ ಚೀಟಿನೂ ಇಲ್ಲ. ಸಂಘದವರು ಬಂದು ಕೇಳಿದ್ರೆ ನೀವು ಮಾತ್ರ ತಕರಾರು ಮಾಡಬಾರದು. ಸೆಪ್ಟೆಂಬರಿಗೆ ನೀವು ಕಾಯಂ."

"ಲೋರೆಟ್ಟಾ ಏನು ತಪ್ಪು ಮಾಡಿದಾಳೆ?"

ಓಸ್ಬಿ ಕಿಟಕಿಯ ಕಡೆ ತಿರುಗಿದರು. ಇಂಥ ವಿಷಯ ಹೆಂಗಸಿನ ಮುಖ ನೋಡಿ ಆಡಬಾರದೆಂದು ಅವರಿಗೆ ಮನೆಯಲ್ಲಿ ಕಲಿಸಿದ್ದಾರೆ. "ತಪ್ಪು ಅಂತಲ್ಲ. ಆಕೆ ಬಸುರಿ. ಮಾರ್ಚಿನಿಂದ ಬೆಳಗಾದರೆ ಟಾಯ್ಲೆಟ್ಟಿನಲ್ಲಿ ಯಾರೋ ವಾಂತಿ ಮಾಡ್ಕೋತಾರೆ ಅಂತ ಆಫೀಸಿನವರು ಹೇಳ್ತಾನೇ ಇದ್ದರು. ಕಸ ಗುಡಿಸೋರು ಆಕೆ ಬೀರುವಿನಲ್ಲಿ ಉಪ್ಪು ಬಿಸ್ಕತ್ತಿನ ಪೊಟ್ಟಣಗಳನ್ನ ನೋಡಿದಾರೆ. ನನಗೆ ನಾಲ್ಕು ಮಕ್ಕಳು, ಆ ಬಿಸ್ಕತ್ತು ಬಸುರಿಯ ವಾಕರಿಕೆಗೆ ಅಂತ ನನಗೂ ಗೊತ್ತು. ತರಗತಿ ಶುರು ಮಾಡಿ ನಡುವೆ ಬಿಟ್ಟು ಹೋದ್ರೆ ನಾನೆಲ್ಲಿಂದ ಇನ್ನೊಬ್ಬರನ್ನ ತರಲಿ?" ಆಮೇಲೆ, ಎಲ್ಲ ಮುಗಿಯಿತು ಎನ್ನುವ ಹಾಗೆ ಎದ್ದು ನಿಂತು, "ನಿಮಗೇನೂ ಆ ಥರದ್ದು ಇಲ್ಲ ತಾನೇ?" ಎಂದರು.

"ಇಲ್ಲ" ಎಂದೆ.

"ಹಾಗಾದರೆ ಆಯ್ತು. ಮನೆಗೆ ಹೋಗಿ ಯೋಚನೆ ಮಾಡಿ."

ಆ ಬೀರುವಿನ ಮೇಲೆ ಲೋರೆಟ್ಟಾಳ ಹೆಸರಿದೆ. ಎರಡೂ ಕೋಣೆಗಳ ನಡುವಿನದು, ಕೆಳಗಿನ ಅರೆಯಲ್ಲಿ ನನ್ನ ಸಾಮಾನು ಇರುತ್ತದೆ. ಅದನ್ನು ಅಲ್ಲಿಯೇ ಹೇಳಬಹುದಿತ್ತು. ಲೋರೆಟ್ಟಾ ಬಸುರಿ ಅಲ್ಲ ಎಂದೂ ಹೇಳಬಹುದಿತ್ತು. ಬಾಯಿ ತನಕ ಬಂತು, ನುಂಗಿಕೊಂಡೆ. "ಅವಳು ಬಸುರಿಯಲ್ಲ, ಆದ್ದರಿಂದ ತೆಗೆಯಬೇಡಿ" ಎಂದರೆ, ಬಸುರಿಯಾಗಿದ್ದರೆ ತೆಗೆಯಬಹುದು ಎಂದು ನಾನೇ ಒಪ್ಪಿಕೊಂಡ ಹಾಗಾಯಿತಲ್ಲ? ನಮ್ಮ ಹೊಟ್ಟೆಯಲ್ಲಿ ಏನಿದೆ ಏನಿಲ್ಲ ಎಂದು ಬೀರು ಬಗ್ಗಿ ನೋಡುವ ಅಧಿಕಾರ ಓಸ್ಬಿಗೆ ಕೊಟ್ಟವರು ಯಾರು? ಸೈಲೆನ್ಸರ್ ಇಲ್ಲದ ಕಾರಿನಲ್ಲಿ ಊರೆಲ್ಲ ಕೇಳುವ ಹಾಗೆ ಗುಡುಗಿಸಿಕೊಂಡು ಮನೆಗೆ ಬಂದೆ.

ನಿನಗೆ ಸುಳ್ಳು ಹೇಳುವುದಿಲ್ಲ. ಆ ರಾತ್ರಿ ಆಸೆಯಾಯಿತು. ಹೂಂ ಎಂದುಬಿಟ್ಟರೆ ಕಾಯಂ ಕೆಲಸ. ನೀನು ಒಂಬತ್ತು ತಿಂಗಳು ನೀರಿನ ಮೇಲಿದ್ದಾಗ ಈ ಮನೆಯಲ್ಲಿ ನನ್ನನ್ನು ಹಿಡಿದಿಟ್ಟಿರುವುದೇ ಆ ಒಂದನೇ ತರಗತಿ. ಅದೂ ಈ ವರ್ಷ, ಈ ವಸಂತದಲ್ಲಿ, ಬೆಳಗ್ಗೆ ಎದ್ದು ಹೋಗುವುದಕ್ಕೆ ಒಂದು ಜಾಗ ಇರಲೇಬೇಕು ಅನ್ನಿಸುತ್ತಿತ್ತು. ನಾನು ಏನೂ ಮಾಡಬೇಕಾಗಿರಲಿಲ್ಲ ನೋಡು, ಸುಮ್ಮನಿದ್ದರೆ ಸಾಕಿತ್ತು.

ಬೆಳಗ್ಗೆ ಶಾಲೆಗೆ ಹೋಗುವ ಮುಂಚೆ ಎಡ್ನಾ ಮಾಲ್ಕವಿಚ್ ಮನೆಗೆ ಹೋದೆ. ಆರನೇ ತರಗತಿಗೆ ಕಲಿಸುವ ಎಡ್ನಾ, ನಮ್ಮ ಸಂಘದ ಅಧ್ಯಕ್ಷೆ. ತಲೆಗೆ ರೋಲರ್ ಸುತ್ತಿಕೊಂಡೇ ಬಾಗಿಲು ತೆಗೆದರು. ಓಸ್ಬಿ ಹೇಳಿದ್ದನ್ನೆಲ್ಲ ಒದರಿದೆ.

"ಕಾರಣ ಕೊಡಬೇಕಾಗಿಲ್ಲ ಅನ್ನೋದು ನಿಜ ಕಣೇ" ಎಂದರು. "ಆದರೆ ಕಾರಣ ಬಾಯಿಬಿಟ್ಟು ಹೇಳಿಬಿಟ್ಟಿದಾನಲ್ಲ ಪೆದ್ದ! ಬಸುರಿ ಅಂತ ಕೆಲಸದಿಂದ ತೆಗೆಯೋದು ಕಾನೂನಿಗೆ ವಿರುದ್ಧ. ಸುಮ್ನೆ ಕೂತಿದ್ರೆ ಅವನೇ ಗೆಲ್ತಿದ್ದ. ನೀನು ಕೇಳಿಸಿಕೊಂಡಿದ್ದನ್ನ ಎಲ್ಲರ ಮುಂದೆ ಹೇಳ್ತೀಯಾ?"

"ಹೇಳ್ತೀನಿ."

"ಹೇಳಿದ್ರೆ ಚೀಟಿ ಎತ್ತಲೇಬೇಕಾಗುತ್ತೆ. ಎತ್ತಿದ್ರೆ ನೀನೇ ಹೋಗಬಹುದು. ಗೊತ್ತು ತಾನೆ?"

"ಗೊತ್ತು."

"ನಿಮ್ಮ ಫಿನ್‌ಲೆಂಡಿನವರ ಮನೆ ಹುಡುಗೀರ ತಲೆ ಒಳಗೆ ಮಿದುಳಿನ ಬದಲು ಬಂಡೆ ಇರುತ್ತೆ ಅಂತ ನಮ್ಮಪ್ಪ ಹೇಳ್ತಿದ್ದ" ಎಂದು ಎಡ್ನಾ ಫೋನ್ ಎತ್ತಿಕೊಂಡರು. ಮಂಡಳಿಯ ವಕೀಲರಿಗೆ ಏನು ಹೇಳಿದರೋ, ಆ ವಾರವೇ ಓಸ್ಬಿ ಚೀಟಿಗೆ ಒಪ್ಪಿದರು. ನನ್ನ ಜೊತೆ ಮಾತು ಬಿಟ್ಟರು, ಅದೊಂದು ಲಾಭ.

ಲೋರೆಟ್ಟಾಗೆ ನಾನೇ ಹೇಳಿದೆ. ಮೊದಲು ಅವಳು ನನ್ನ ಮೇಲೇ ಹರಿಹಾಯ್ದಳು. "ನನಗೆ ಭಿಕ್ಷೆ ಹಾಕ್ತಿದೀಯೇನೇ ಕೈಸಾ? ಮಹಾತಾಯಿ ಆಗೋಕೆ ಹೊರಟಿದೀಯಾ?"

"ಭಿಕ್ಷೆ ಏನು ಬಂತು? ಚೀಟಿಯಲ್ಲಿ ನಾನೂ ಗೆಲ್ಲೋಕೇ ಬರ್ತೀನಿ."

"ನಾನು ಬಸುರೀನಾ! ಗಣಿ ಕೆಲಸ ಹೋದಾಗಿಂದ ನನ್ನ ಗಂಡ ಜೀನೊ ಸೋಫಾ ಬಿಟ್ಟು ಎದ್ದಿಲ್ಲ, ಇನ್ನು ಬಸುರಿ ಎಲ್ಲಿಂದ ಬರುತ್ತೆ?" ಎಂದು ನಗಾಡಿದಳು. ನಕ್ಕು ನಕ್ಕು ಕಣ್ಣೊರೆಸಿಕೊಂಡವಳು ಬೀರುವಿನ ಕಡೆ ನೋಡಿದಳು, ಆಮೇಲೆ ನನ್ನ ಕಡೆ. ಆ ದಿನ ಮಧ್ಯಾಹ್ನ ತಾನು ತಂದ, ಮಾಂಸ ತುಂಬಿದ ಪ್ಯಾಸ್ಟಿಯಲ್ಲಿ ದೊಡ್ಡ ಅರ್ಧ ನನಗೇ ಕೊಟ್ಟಳು.

ನಮ್ಮ ಸಂಘದವರು ಚೀಟಿ ಎತ್ತುವುದು ಹೇಗೆ ಎಂದು ನಿನಗೆ ಯಾವತ್ತೂ ಹೇಳಿರಲಿಲ್ಲ, ನಾನೂ ನೋಡಿರಲಿಲ್ಲ. ಕಾಗದದ ಚೀಟಿ ಅಲ್ಲ. ಎಡ್ನಾರ ಅಪ್ಪ ಕೆಲಸ ಮಾಡಿದ ಹಳೆಯ ಸುರಂಗ ಗಣಿಯ ಹಿತ್ತಾಳೆ ಬಿಲ್ಲೆಗಳು. ಇಳಿಯುವಾಗ ಪ್ರತಿಯೊಬ್ಬರೂ ಹಲಗೆಯಿಂದ ತಮ್ಮ ನಂಬರಿನ ಬಿಲ್ಲೆ ತೆಗೆದುಕೊಂಡು ಹೋಗಬೇಕಿತ್ತು, ಮೇಲೆ ಬಂದಮೇಲೆ ತಿರುಗಿ ನೇತುಹಾಕಬೇಕಿತ್ತು. ಸಂಜೆ ಯಾವ ಮೊಳೆ ಖಾಲಿ ಇದೆಯೋ ಅವನು ಇನ್ನೂ ಕೆಳಗಿದ್ದಾನೆ ಎಂದು ಅರ್ಥ. ಗಣಿ ಮುಚ್ಚಿದ ಮೇಲೆ ಆ ಹಲಗೆಯನ್ನು ಸಂಘದ ಹಾಲಿಗೆ ತಂದು ಹಾಕಿದ್ದಾರೆ. ಇಬ್ಬರ ತಾರೀಖು ಒಂದೇ ಆದಾಗ ಎರಡಂಕಿಯದೊಂದು, ಮೂರಂಕಿಯದೊಂದು ಬಿಲ್ಲೆ ತೆಗೆದು ಗಣಿಯವರ ತೊಗಲು ಕೈಗವಸಿನೊಳಗೆ ಹಾಕುತ್ತಾರೆ. ಸಣ್ಣ ನಂಬರು ಬಂದವರು ಉಳಿಯುತ್ತಾರೆ, ಗಣಿಯಲ್ಲೂ ಮೊದಲು ಸೇರಿದವನದೇ ಸಣ್ಣ ನಂಬರು. ದೊಡ್ಡದು ಬಂದವರು ಬಿಲ್ಲೆಯನ್ನು ಮನೆಗೆ ಒಯ್ಯಬೇಕು. ಮತ್ತೆ ಕೆಲಸಕ್ಕೆ ಬಂದ ದಿನ ತಂದು ಅದೇ ಮೊಳೆಗೆ ಹಾಕಬೇಕು.

ಗುರುವಾರ ಸಂಜೆ ಹಾಲಿನಲ್ಲಿ ಎಲ್ಲರೂ ಇದ್ದರು. ಕಾಫಿ, ಯಾರೋ ಮಾಡಿ ತಂದ ನಿಂಬೆ ಕೇಕು, ಸಾವಿನ ಮನೆಯಲ್ಲಿ ಇರುವ ಹಾಗೆಯೇ. ಮಂಡಳಿಯ ಪರವಾಗಿ ಚೀಟಿ ನೋಡಲು ಬಂದ ಓಸ್ಬಿ ಟೋಪಿ ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸಾಲಿನಲ್ಲಿ ಕೂತಿದ್ದರು. ಎಡ್ನಾ ಕೈಗವಸು ಅಲ್ಲಾಡಿಸಿದಾಗ ಒಳಗೆ ಬಿಲ್ಲೆ ಟಣ್ ಎಂದಿತು.

"ಇಬ್ಬರೂ ತೆಗೆದು ಮುಷ್ಟಿ ಹಿಡ್ಕೊಳ್ಳಿ. ನಾನು ಹೇಳೋ ತನಕ ಬಿಚ್ಚಬಾರದು" ಎಂದರು.

ಲೋರೆಟ್ಟಾ ಮೊದಲು ಕೈ ಹಾಕಿದಳು. ಹಾಕುವ ಮುಂಚೆ ಶಿಲುಬೆ ಗುರುತು ಮಾಡಿಕೊಂಡು ನನ್ನ ಕಡೆ ನೋಡಿ "ನಿನ್ನ ಪಾಲಿಗೂ ಸೇರಿಸಿ ಮಾಡಿದೀನಿ" ಎಂದು ಪಿಸುಗುಟ್ಟಿದಳು. ನಾನು ಉಳಿದದ್ದನ್ನು ತೆಗೆದೆ. ತಣ್ಣಗಿತ್ತು. ಮುಷ್ಟಿಯೊಳಗೆ ಹೆಬ್ಬೆರಳಿನಿಂದ ಸವರಿದೆ, ಮೂರು ಅಂಕಿಗಳು ತಾಗಿದವು. ಬಿಚ್ಚುವ ಮುಂಚೆಯೇ ನನಗೆ ಗೊತ್ತಾಗಿತ್ತು.

ಅವಳದು ೪೧. ನನ್ನದು ೨೧೨.

ಅತ್ತವಳು ಲೋರೆಟ್ಟಾ. ನನ್ನ ಕುತ್ತಿಗೆಗೆ ಜೋತುಬಿದ್ದು ಹಾಲೆಲ್ಲ ಕೇಳುವ ಹಾಗೆ ಅತ್ತಳು. ನನಗೆ ಕಣ್ಣಲ್ಲಿ ನೀರು ಬರಲಿಲ್ಲ. ಓಸ್ಬಿ ಹೊರಗೆ ಹೋಗುವಾಗ ನನ್ನ ಪಕ್ಕ ನಿಂತು, "ನಾನು ನಿಮಗೆ ಒಳ್ಳೇದು ಮಾಡೋಕೆ ನೋಡಿದ್ದೆ" ಎಂದರು. ಅವರ ಧ್ವನಿಯಲ್ಲಿ ಕುಹಕ ಇರಲಿಲ್ಲ, ಅದೇ ನನ್ನನ್ನು ಕೆರಳಿಸಿತು.

"ಮಿಸ್ಟರ್ ಓಸ್ಬಿ, ಸ್ವಲ್ಪ ಕೂತ್ಕೊಳ್ಳಿ" ಎಂದೆ. "ಸಭೆ ಇನ್ನೂ ಮುಗಿದಿಲ್ಲ."

ಯಾಕೆಂದರೆ ನನ್ನ ಸದಸ್ಯತ್ವ ಜೂನ್ ಕೊನೆಯ ತನಕ ಇದೆ. ಈ ಬೇಸಿಗೆಯಲ್ಲಿ ಹೊಸ ಒಪ್ಪಂದದ ಮಾತುಕತೆ ಶುರುವಾಗುತ್ತದೆ, ಸಂಘ ಏನೇನು ಕೇಳಬೇಕು ಎಂದು ತೀರ್ಮಾನ ಮಾಡುವುದು ಇದೇ ಸಭೆಯಲ್ಲಿ. ಎಲ್ಲರೂ ಕೋಟು ಹಾಕಿಕೊಳ್ಳುತ್ತಿದ್ದರು. ನಾನು ಬಿಲ್ಲೆ ಹಿಡಿದುಕೊಂಡೇ ಎದ್ದು ನಿಂತೆ. ಪ್ರೊಬೇಷನ್ನಿನವರನ್ನು ಕಡಿತದಲ್ಲಿ ತೆಗೆದರೆ ಅವರಿಗೂ ವಾಪಸ್ ಬರುವ ಹಕ್ಕು ಇರಬೇಕು, ಕಡೆಗೆ ಹೋದವರನ್ನು ಮೊದಲು ಕರೆಯಬೇಕು, ಮುಂದುವರಿಸದಿದ್ದರೆ ಕಾರಣ ಬರೆದು ಕೊಡಬೇಕು, ಆ ಕಾರಣ ಹೆಂಗಸಿನ ಹೊಟ್ಟೆಯಾಗಿರಬಾರದು ಎಂದೆ. ಆಮೇಲೆ ಓಸ್ಬಿ ನನಗೆ ಹೇಳಿದ್ದನ್ನು, ಬೀರು, ಬಿಸ್ಕತ್ತು, ಎಲ್ಲವನ್ನೂ ಅವರ ಎದುರಿಗೇ ಹೇಳಿದೆ. ಲೋರೆಟ್ಟಾಳನ್ನು ಮೊದಲೇ ಕೇಳಿದ್ದೆ, "ಗಂಟೆ ಹೊಡೆದು ಹೇಳು" ಎಂದಿದ್ದಳು. ಓಸ್ಬಿಯ ಕಿವಿ ಕೆಂಪಾಯಿತು. ಅವರ ಪರವಾಗಿ ಒಂದು ಮಾತು ಹೇಳಬೇಕು, ಎದ್ದು ಹೋಗಲಿಲ್ಲ, ಸುಳ್ಳು ಎಂದೂ ಅನ್ನಲಿಲ್ಲ.

ಜಗಳ ಬಂದದ್ದು ನಮ್ಮವರಿಂದಲೇ. ಮರಗೆಲಸ ಕಲಿಸುವ ವೈನೊ ಪೆಲ್ಟೊ, ಅವರಿಗೆ ನಿವೃತ್ತಿ ಹತ್ತಿರ, ಕೂತಲ್ಲಿಂದಲೇ ಗೊಣಗಿದರು. "ಪ್ರೊಬೇಷನ್ ಅಂದ್ರೇನೇ ಒರೆಗೆ ಹಚ್ಚಿ ನೋಡೋದು. ಎಲ್ಲ ಹಕ್ಕೂ ಮೊದಲ ದಿನವೇ ಕೊಟ್ಟರೆ ಕಾಯಂ ಆಗಿ ಏನು ಸುಖ? ಇದಕ್ಕೆ ಹಟ ಹಿಡಿದರೆ ಮಂಡಳಿಯವರು ನಮ್ಮ ಸಂಬಳದಲ್ಲಿ ಕಿತ್ಕೋತಾರೆ. ನೀನೋ ಹೋಗೋಳು, ಅನುಭವಿಸೋರು ನಾವು."

"ಒರೆಗೆ ಹಚ್ಚಿದಾರೆ ವೈನೊ" ಎಂದೆ. "ಮೂರು ವರ್ಷ ಹಚ್ಚಿದಾರೆ. ನನ್ನ ಪಾಠ ಕೆಟ್ಟದ್ದು ಅಂತ ಯಾರಾದರೂ ಒಬ್ಬರು ಹೇಳಲಿ, ಈಗಲೇ ಕೂತ್ಕೋತೀನಿ. ನಿಮ್ಮ ಮೊಮ್ಮಗಳಿಗೆ ಓದು ಕಲಿಸಿದ್ದು ಯಾರು?"

ಯಾರೋ ಹಿಂದಿನಿಂದ "ಆ ಮೊಮ್ಮಗಳೇ ಈಗ ಅಜ್ಜನಿಗೆ ಪೇಪರ್ ಓದಿ ಹೇಳ್ತಾಳೆ" ಎಂದರು, ಎಲ್ಲ ನಕ್ಕರು, ವೈನೊ ಕೂಡ. ಕೈ ಎತ್ತಿಸಿದಾಗ ಹೆಚ್ಚು ಕೈ ನನ್ನ ಕಡೆ ಇದ್ದವು. ಬಹಳ ಹೆಚ್ಚೇನಲ್ಲ. ವೈನೊ ಎತ್ತಲಿಲ್ಲ. ಆದರೆ ಹೊರಗೆ ಬಂದಮೇಲೆ ನನ್ನ ಕಾರಿನ ಕೆಳಗೆ ತಲೆ ಹಾಕಿ ನೋಡಿ, "ಶನಿವಾರ ತಗೊಂಡು ಬಾ, ಸೈಲೆನ್ಸರ್ ಕಟ್ಟಿಕೊಡ್ತೀನಿ. ಈ ಸದ್ದಿಗೆ ನನಗೆ ನಿದ್ದೆ ಬರಲ್ಲ" ಎಂದರು. ನಿನ್ನೆ ಕಟ್ಟಿಕೊಟ್ಟರು.

ಈಗ ನಿನ್ನ ಮೂರನೇ ಕಾಗದಕ್ಕೆ ಉತ್ತರ. ಶಾಲೆಯಲ್ಲಿ ಕಡಿತ ಆಗುವ ಹಾಗಿದ್ದರೆ ಈ ಊರು ಬಿಟ್ಟು ಟೊಲಿಡೊಗೆ ಹೋಗೋಣ, ಬಂದರಿನ ಹತ್ತಿರ ಮನೆ ಮಾಡೋಣ ಎಂದು ಬರೆದಿದ್ದೀಯಲ್ಲ. ಬೇಡ. ನಾನು ಇಲ್ಲಿಂದ ಕದಲುವುದಿಲ್ಲ. ಯಾರಾದರೂ ರಜೆ ಹಾಕಿದ ದಿನ ಬದಲಿ ಟೀಚರಾಗಿ ಹೋಗುತ್ತೇನೆಂದು ಹೆಸರು ಬರೆಸಿದ್ದೇನೆ, ಸಹಕಾರಿ ಅಂಗಡಿಯಲ್ಲಿ ಬೇಸಿಗೆಗೆ ಕೆಲಸ ಕೇಳಿದ್ದೇನೆ. ಮಾತುಕತೆಯ ಮೇಜಿನ ಹತ್ತಿರ ಜೂನ್ ಆದಮೇಲೆ ನನ್ನನ್ನು ಕೂರಿಸಲಾಗುವುದಿಲ್ಲ ಎಂದು ಎಡ್ನಾ ಹೇಳಿದರು. ಸರಿ, ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂರುತ್ತೇನೆ ಎಂದೆ. ಅವರು ಒಳಗೆ ಬರುವಾಗಲೊಮ್ಮೆ, ಕಾಫಿಗೆ ಏಳುವಾಗಲೊಮ್ಮೆ ನನ್ನ ಮುಖ ನೋಡಿಯೇ ಹೋಗಬೇಕು. ಬಿಲ್ಲೆ ನನ್ನ ಏಪ್ರನ್ನಿನ ಜೇಬಿನಲ್ಲಿದೆ. ಆ ಹಲಗೆಯಲ್ಲಿ ಎಂದೂ ತುಂಬದ ಮೊಳೆಗಳು ಕೆಲವಿವೆ, ನೋಡಿಕೊಂಡು ಬಂದೆ. ೨೧೨ರ ಮೊಳೆ ಹಾಗಾಗುವುದಿಲ್ಲ. ಈ ವರ್ಷವಲ್ಲದಿದ್ದರೆ ಮುಂದಿನ ವರ್ಷ, ಆ ಬಿಲ್ಲೆಯನ್ನು ನಾನೇ ಹೋಗಿ ನೇತುಹಾಕುತ್ತೇನೆ.

ನೀನು ಹಡಗು ಬಿಟ್ಟು ಓಡಿಬರಬೇಡ. ಈ ವರ್ಷ ಅರ್ಧ ಹಡಗುಗಳನ್ನು ಕಟ್ಟಿಹಾಕಿರುವಾಗ ನಿನ್ನ ಜಾಗ ಉಳಿದಿರುವುದೇ ನಿನ್ನ ಸೀನಿಯಾರಿಟಿಯಿಂದ. ಅದನ್ನು ನನಗೋಸ್ಕರ ಕಳೆದುಕೊಂಡೆ ಅಂದರೆ ನಾನು ಇಷ್ಟೆಲ್ಲ ಕೂಗಾಡಿದ್ದಕ್ಕೆ ಅರ್ಥವೇ ಇರುವುದಿಲ್ಲ.

ಡೆಕ್ಕಿನ ಮೇಲೆ ನಡೆಯುವಾಗ ಹಗ್ಗ ಹಿಡಿದುಕೊಂಡು ನಡೆ. ಒದ್ದೆ ಕಾಲುಚೀಲದಲ್ಲಿ ಮಲಗಬೇಡ. ನಿನ್ನ ಹಡಗಿನ ಅಡಿಯಲ್ಲಿ ಯಾವಾಗಲೂ ಆಳ ನೀರಿರಲಿ, ಮೇಲೆ ತಿಳಿಯಾದ ಆಕಾಶವಿರಲಿ, ಜನವರಿಯಲ್ಲಿ ನಿನ್ನನ್ನು ಇಡಿಯಾಗಿ ಮನೆಗೆ ತಂದುಬಿಡಲಿ ಎಂದು ಬೇಡಿಕೊಳ್ಳುತ್ತೇನೆ. ನಿನ್ನಮ್ಮನ ಆಶೀರ್ವಾದವೂ ಇದರ ಜೊತೆಗಿದೆ, ಜೊತೆಗೆ ಕ್ಷೌರ ಮಾಡಿಸಿಕೋ ಎಂಬ ಆಜ್ಞೆಯೂ.

ಎಂದೆಂದಿಗೂ ನಿನ್ನ
ಕೈಸಾ

ತಾ.ಕ. ಕವರಿಗೆ ಅಂಟು ಹಚ್ಚಿಯಾಗಿತ್ತು. ಮತ್ತೆ ಬಿಡಿಸಿದ್ದೇನೆ, ಅದಕ್ಕೇ ಅಂಚು ಹರಿದಿದೆ.

ಆ ಬಿಸ್ಕತ್ತು ನನ್ನದು, ಮಿರ್ಕೊ. ನೀನು ಮಾರ್ಚಿನಲ್ಲಿ ಹೊರಟ ಬೆಳಗ್ಗೆ ನಾನು ಕಾಫಿ ಬೇಡ ಅಂದಾಗ ಆಶ್ಚರ್ಯಪಟ್ಟೆಯಲ್ಲ, ಆಗಲೇ ಅನುಮಾನವಿತ್ತು. ಮೂರು ತಿಂಗಳು ತುಂಬಿದ ಮೇಲೆ ಬರೆಯೋಣ, ಬಕೆಟ್ಟಿನಲ್ಲಿ ಮೇಲೆ ಬಂದ ಕಾಗದ ಓದಿ ನೀನು ಕುಣಿಯುವುದನ್ನು ಅಂಚೆ ದೋಣಿಯವರು ನೋಡಲಿ ಅಂದುಕೊಂಡಿದ್ದೆ. ಹೊಸ ಹಿಮ ಬೀಳುವ ಹೊತ್ತಿಗೆ ಹುಟ್ಟಬೇಕಿತ್ತು. ಈಸ್ಟರ್ ಆದ ವಾರ ನನಗೆ ಬಂದದ್ದು ಜ್ವರ ಅಲ್ಲ. ನಿನ್ನಮ್ಮ ಹಾಸಿಗೆಯ ಬಟ್ಟೆಯನ್ನೆಲ್ಲ ತಾವೇ ಒಗೆದು, ಯಾರಿಗೂ ಕಾಣದ ಹಾಗೆ ಸೌನಾದೊಳಗೆ ಒಣಗಿಸಿದರು. "ನೀರಿನ ಮೇಲಿರೋನಿಗೆ ಇಂಥದ್ದು ಬರೀಬೇಡ ಮಗಾ, ಅವನ ಕಾಲು ಜಾರುತ್ತೆ" ಎಂದರು. ಇಷ್ಟು ದಿನ ಬರೆಯದೆ ಇದ್ದದ್ದು ಅದಕ್ಕೇ. ಇದನ್ನು ಬಿಟ್ಟು ಬೇರೇನು ಬರೆಯಲು ಕೂತರೂ ಕೈ ಓಡುತ್ತಿರಲಿಲ್ಲ.

ಓಸ್ಬಿ ನನ್ನನ್ನು ಕರೆದು ಕೂರಿಸಿ ಕಾಫಿ ಕೊಟ್ಟದ್ದು ಅದರ ಮುಂದಿನ ವಾರ. "ನಿಮಗೇನೂ ಆ ಥರದ್ದು ಇಲ್ಲ ತಾನೇ?" ಎಂದು ಕೇಳಿದರು, "ಇಲ್ಲ" ಎಂದೆ ಅಂತ ಮೇಲೆ ಬರೆದಿದ್ದೇನೆ ನೋಡು. ಎರಡು ವಾರ ಮುಂಚೆ ಕೇಳಿದ್ದರೆ ಕೆಲಸ ಉಳಿಸಿಕೊಳ್ಳಲು ನಾನು ಸುಳ್ಳು ಹೇಳಬೇಕಾಗುತ್ತಿತ್ತು. ಆ ದಿನ ನಾನು ಹೇಳಿದ್ದು ನಿಜ.